ಪ್ರೀಕ್ಯಾಲ್ಕುಲಸ್ ಮುಗಿದ ಬೇಸಿಗೆಯಿಂದ ಮೇ ತಿಂಗಳ ಪರೀಕ್ಷೆಯವರೆಗೆ

ಅಮೆರಿಕದ ಹೈಸ್ಕೂಲ್ ಮಕ್ಕಳು ಕಾಲೇಜು ಮಟ್ಟದ ಗಣಿತಕ್ಕೆ ಬರೆಯುವ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಅಂಕ ಸೋರುವ ಜಾಗ ಮುಖ್ಯವಾಗಿ ಎರಡು. ಒಂದು, ಹಿಂದಿನ ವರ್ಷ ಅರ್ಧಂಬರ್ಧ ತಲೆಗೆ ಹೋದ ಬೀಜಗಣಿತ. ಇನ್ನೊಂದು, ಉತ್ತರ ಸರಿಯಿದ್ದರೂ ಅದಕ್ಕೆ ಕಾರಣ ಬರೆಯಬೇಕಾದ ಒಂದೆರಡು ಸಾಲು. ಇವೆರಡರ ನಡುವಿನ ಕ್ಯಾಲ್ಕುಲಸ್ಸನ್ನು ಹೆಚ್ಚಿನ ಮಕ್ಕಳು ತರಗತಿಯಲ್ಲೇ ಚೆನ್ನಾಗಿ ಕಲಿತಿರುತ್ತಾರೆ. ಅಮೆರಿಕದ ಹೈಸ್ಕೂಲ್ ಮಕ್ಕಳನ್ನು ಜೂನ್‌ನಿಂದ ಮುಂದಿನ ಮೇವರೆಗೆ ಅಣಿಮಾಡುವಾಗ ನಾವು ಹಿಡಿಯುವ ದಾರಿ ಇದು. ಆ ದಾರಿಯಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದನ್ನೂ ಬರೆದಿದ್ದೇವೆ.

ಮೊದಲು ಪರೀಕ್ಷೆಯ ಸ್ವರೂಪ, 2025ರ ಮೇ ತಿಂಗಳಲ್ಲಿ ನಡೆದಂತೆ. ಒಟ್ಟು 3 ಗಂಟೆ 15 ನಿಮಿಷ. ಮೊದಲ ಭಾಗದಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು: ಕ್ಯಾಲ್ಕುಲೇಟರ್ ಇಲ್ಲದೆ 30 ಪ್ರಶ್ನೆಗೆ 60 ನಿಮಿಷ, ಕ್ಯಾಲ್ಕುಲೇಟರ್ ಹಿಡಿದು 15 ಪ್ರಶ್ನೆಗೆ 45 ನಿಮಿಷ. ಎರಡನೇ ಭಾಗದಲ್ಲಿ ಬಿಡಿಸಿ ಬರೆಯುವ 6 ಪ್ರಶ್ನೆಗಳು: ಕ್ಯಾಲ್ಕುಲೇಟರ್ ಇರುವ 2ಕ್ಕೆ 30 ನಿಮಿಷ, ಇಲ್ಲದ 4ಕ್ಕೆ 60 ನಿಮಿಷ. ಬರೆಯುವ ಪ್ರಶ್ನೆ ಒಂದೊಂದಕ್ಕೂ 9 ಅಂಕ, ಎಲ್ಲ ಸೇರಿ 54. ಬಹು ಆಯ್ಕೆಯ 45ನ್ನು 1.2ರಿಂದ ಗುಣಿಸಿದರೆ ಅದೂ 54. ಹೀಗೆ ಎರಡು ಭಾಗಕ್ಕೂ ಸಮಪಾಲು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೊನೆಗೆ ಕೈಗೆ ಬರುವ ಅಂಕ 1ರಿಂದ 5ರ ನಡುವೆ. 5ಕ್ಕೆ ಎಷ್ಟು ಬೇಕು ಎಂಬ ಗೆರೆ ವರ್ಷವರ್ಷ ಬದಲಾಗುತ್ತದೆ. ಬಿಡುಗಡೆಯಾದ ಹಳೆಯ ಪರೀಕ್ಷೆಗಳಲ್ಲಿ ಅದು ಒಟ್ಟು ಅಂಕದ ಮೂರರಲ್ಲಿ ಎರಡು ಪಾಲಿನ ಆಸುಪಾಸಿನಲ್ಲಿತ್ತು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಬೇಕು. ನೂರಕ್ಕೆ ತೊಂಬತ್ತೈದು ಬಂದರೆ ಮಾತ್ರ ಒಳ್ಳೆಯ ಅಂಕ ಎಂದು ಬೆಳೆದ ಮಗು ಒಂದು ಕಷ್ಟದ ಪ್ರಶ್ನೆಗೆ ಹೆದರಿ, ಉಳಿದ ಐದನ್ನೂ ಕೆಡಿಸಿಕೊಳ್ಳುತ್ತದೆ.

ಎಪಿ ಕ್ಯಾಲ್ಕುಲಸ್‌ನಲ್ಲಿ ಎ.ಬಿ., ಬಿ.ಸಿ. ಎಂಬ ಎರಡು ಕೋರ್ಸುಗಳಿವೆ. ಎ.ಬಿ. ತೆಗೆದುಕೊಳ್ಳಬೇಕೋ ಬಿ.ಸಿ. ತೆಗೆದುಕೊಳ್ಳಬೇಕೋ ಎಂಬುದು ಮನೆಯಲ್ಲಿ ಮೊದಲು ಏಳುವ ಪ್ರಶ್ನೆ. ಎ.ಬಿ.ಯಲ್ಲಿ 8 ಘಟಕ, ಬಿ.ಸಿ.ಯಲ್ಲಿ 10. ಬಿ.ಸಿ. ಎಂದರೆ ಎ.ಬಿ.ಯ ಪೂರ್ತಿ ಪಾಠ. ಅದರ ಮೇಲೆ ಭಾಗಶಃ ಅನುಕಲನ (ಇಂಟಿಗ್ರೇಶನ್ ಬೈ ಪಾರ್ಟ್ಸ್), ಪಾರ್ಶಿಯಲ್ ಫ್ರಾಕ್ಷನ್, ಇಂಪ್ರಾಪರ್ ಇಂಟಿಗ್ರಲ್, ಆಯ್ಲರ್ ವಿಧಾನ, ಲಾಜಿಸ್ಟಿಕ್ ಸಮೀಕರಣ, ವಕ್ರರೇಖೆಯ ಉದ್ದ, ಪ್ಯಾರಾಮೆಟ್ರಿಕ್, ಪೋಲಾರ್, ವೆಕ್ಟರ್, ಕೊನೆಗೆ ಅನಂತ ಶ್ರೇಣಿಗಳು. ಬಿ.ಸಿ. ಬರೆದವರಿಗೆ ಎ.ಬಿ. ಭಾಗದ ಉಪ ಅಂಕವೂ ಬರುತ್ತದೆ. ಕ್ಯಾಲ್ಕುಲಸ್ಸಿಗೆ ಮುಂಚಿನ ಪಾಠವಾದ ಪ್ರೀಕ್ಯಾಲ್ಕುಲಸ್‌ನಿಂದ ನೇರವಾಗಿ ಬಿ.ಸಿ.ಗೆ ಹೋಗಲು ಅನೇಕ ಶಾಲೆಗಳು ಬಿಡುತ್ತವೆ, ಹೋಗಲೂಬಹುದು. ಆದರೆ ಒಂದು ಕೊರತೆಯನ್ನು ಮೊದಲೇ ನೋಡಿಕೊಳ್ಳಬೇಕು. 2023ರ ಶಾಲಾ ವರ್ಷದಿಂದ ಎಪಿ ಪ್ರೀಕ್ಯಾಲ್ಕುಲಸ್ ಎಂಬ ಕೋರ್ಸೂ ಇದೆ. ಅದರ ನಾಲ್ಕನೇ ಘಟಕದಲ್ಲಿ ಪ್ಯಾರಾಮೆಟ್ರಿಕ್ ಫಂಕ್ಷನ್, ವೆಕ್ಟರ್ ಮತ್ತು ಮ್ಯಾಟ್ರಿಕ್ಸ್ ಇವೆ. ಈ ಘಟಕ ಆ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಪಾಠವನ್ನೇ ಬಿಟ್ಟಿರುವ ಸಾಧ್ಯತೆ ಇರುತ್ತದೆ. ಬಿ.ಸಿ.ಯ ಒಂಬತ್ತನೇ ಘಟಕ ಅದರ ಮೇಲೆಯೇ ನಿಂತಿದೆ. ಅಂಥ ಮಗುವಿಗೆ ಬೇಸಿಗೆಯಲ್ಲಿ ಒಂದು ವಾರ ಪ್ಯಾರಾಮೆಟ್ರಿಕ್ ಮತ್ತು ವೆಕ್ಟರ್ ಹೇಳಿಕೊಟ್ಟರೆ ಫೆಬ್ರವರಿಯ ಒದ್ದಾಟ ತಪ್ಪುತ್ತದೆ.

ಬೇಸಿಗೆ ರಜೆಯಲ್ಲಿ ಕ್ಯಾಲ್ಕುಲಸ್ಸನ್ನು ಮುಂಚಿತವಾಗಿ ಓದಿಸುವುದಕ್ಕಿಂತ ಹಳೆಯದನ್ನು ಗಟ್ಟಿಮಾಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ಆರು ವಾರ ಸಾಕು. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ. ಮೊದಲ ವಾರ ಯೂನಿಟ್ ಸರ್ಕಲ್ಲಿನ 16 ಕೋನಗಳಿಗೆ ಸೈನ್, ಕೊಸೈನ್, ಟ್ಯಾನ್ ಬೆಲೆ. ರೇಡಿಯನ್‌ನಲ್ಲೇ ಕೇಳಬೇಕು, ಮೂರು ಸೆಕೆಂಡಿನಲ್ಲಿ ಬಾಯಿಗೆ ಬರಬೇಕು. ಆಮೇಲೆ ವಿಲೋಮ ತ್ರಿಕೋನಮಿತಿ, ಲಾಗರಿದಮ್ ನಿಯಮ, ಭಿನ್ನರಾಶಿ ಘಾತ, ಅಪವರ್ತನ, ಒಂದರೊಳಗೊಂದು ಕೂತ ಫಂಕ್ಷನ್ನುಗಳನ್ನು ಬಿಡಿಸುವುದು. ಈ ಕೊನೆಯದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹೊರಗಿನ ಫಂಕ್ಷನ್ ಯಾವುದು, ಒಳಗಿನದು ಯಾವುದು ಎಂದು ತಕ್ಷಣ ಕಾಣದವರಿಗೆ ಅಕ್ಟೋಬರ್‌ನಲ್ಲಿ ಚೈನ್ ರೂಲ್ ಕೈಕೊಡುತ್ತದೆ.

ಬೀಜಗಣಿತ ಹೇಗೆ ಕ್ಯಾಲ್ಕುಲಸ್ಸಿನ ವೇಷ ಹಾಕಿಕೊಂಡು ಬಂದು ಕಾಡುತ್ತದೆ ಎಂಬುದಕ್ಕೆ ನಾಲ್ಕು ಲೆಕ್ಕ ನೋಡಿ. 1/(3ಎಕ್ಸ್²) ಎಂಬುದರ ಡೆರಿವೇಟಿವ್ (ಬದಲಾವಣೆಯ ದರ) ಕೇಳಿದರೆ ಮಕ್ಕಳು ಅದನ್ನು 3ಎಕ್ಸ್⁻² ಎಂದು ಮೇಲೆತ್ತುತ್ತಾರೆ. 3 ಕೆಳಗೇ ಉಳಿಯಬೇಕು. ಸರಿಯಾದ ಉತ್ತರ −2/(3ಎಕ್ಸ್³). ಎಕ್ಸ್ 4ನ್ನು ಸಮೀಪಿಸುವಾಗ (√ಎಕ್ಸ್ − 2)/(ಎಕ್ಸ್ − 4) ಎಷ್ಟಾಗುತ್ತದೆ? ಕೆಳಗಿನದು (√ಎಕ್ಸ್ − 2)(√ಎಕ್ಸ್ + 2) ಎಂದು ಕಂಡವರಿಗೆ ಒಂದೇ ಸಾಲಿನಲ್ಲಿ 1/4. ಎಕ್ಸ್ ಋಣ ಅನಂತದ ಕಡೆಗೆ ಹೋಗುವಾಗ √(4ಎಕ್ಸ್² + 1)/ಎಕ್ಸ್‌ಗೆ ಉತ್ತರ −2. ಎಕ್ಸ್² ಎಂಬುದರ ವರ್ಗಮೂಲ ಎಕ್ಸ್ ಅಲ್ಲ, ಎಕ್ಸ್‌ನ ನಿರಪೇಕ್ಷ ಬೆಲೆ ಎಂಬುದು ಮರೆತವರು 2 ಎಂದು ಬರೆಯುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ದುಬಾರಿ: ವೈನ ನ್ಯಾಚುರಲ್ ಲಾಗ್ = ಕೆಟಿ + ಸಿ ಎಂಬಲ್ಲಿಂದ ವೈಯನ್ನು ಬಿಡಿಸುವಾಗ ಇ-ಯ ಘಾತ ಕೆಟಿ, ಅದಕ್ಕೆ ಕೂಡಿಸು ಇ-ಯ ಘಾತ ಸಿ ಎಂದು ಬರೆಯುವುದು. ಘಾತಗಳು ಕೂಡಿದರೆ ಬೆಲೆಗಳು ಗುಣಿಸುತ್ತವೆ. ಇ-ಯ ಘಾತ ಸಿ ಗುಣಕವಾಗಿ ಮುಂದೆ ಬಂದು ನಿಲ್ಲಬೇಕು. ಡಿಫರೆನ್ಶಿಯಲ್ ಸಮೀಕರಣವನ್ನು ಪೂರ್ತಿ ಅರ್ಥಮಾಡಿಕೊಂಡ ಮಗುವೂ ಈ ಒಂದು ಹೆಜ್ಜೆಯಲ್ಲಿ ಕೊನೆಯ ಅಂಕ ಕಳೆದುಕೊಳ್ಳುತ್ತದೆ.

ಕರ್ನಾಟಕದಲ್ಲಿ ಪಿಯು ಓದಿ ಬಂದ ಅಪ್ಪ ಅಮ್ಮ ಮನೆಯಲ್ಲಿ ಹೇಳಿಕೊಡುವುದಾದರೆ ಕೆಲವು ವ್ಯತ್ಯಾಸ ಗಮನದಲ್ಲಿರಲಿ. ದ್ವಿತೀಯ ಪಿಯು ಪುಸ್ತಕದಲ್ಲಿ ಬರಿಯ ಲಾಗ್ ಎಂದು ಬರೆದರೆ ಅದರ ಆಧಾರ ಇ. ಇಲ್ಲಿ ಮಕ್ಕಳು ಅದಕ್ಕೆ ಎಲ್‌ಎನ್ ಎಂದು ಬರೆಯುತ್ತಾರೆ, ಲಾಗ್ ಗುಂಡಿ ಒತ್ತಿದರೆ ಕ್ಯಾಲ್ಕುಲೇಟರ್ ಕೊಡುವುದು ಆಧಾರ 10ರದ್ದು. ಅಪ್ಪ ಹಾಳೆಯಲ್ಲಿ ಲಾಗ್ ಬರೆದು, ಮಗಳು ಅದನ್ನೇ ಒತ್ತಿದರೆ ಉತ್ತರ ತಪ್ಪು. ಇದಕ್ಕಿಂತ ದೊಡ್ಡ ವ್ಯತ್ಯಾಸ ಒತ್ತು ಬೀಳುವ ಜಾಗದ್ದು. ನಮ್ಮಲ್ಲಿ ಅನುಕಲನದ ಸೂತ್ರಗಳ ಪಟ್ಟಿಯೇ ಬಾಯಿಪಾಠ ಆಗಬೇಕಿತ್ತು. ಎ.ಬಿ.ಯಲ್ಲಿ ಭಾಗಶಃ ಅನುಕಲನ ಇಲ್ಲ, ತ್ರಿಕೋನಮಿತಿಯ ಆದೇಶ (ಟ್ರಿಗ್ ಸಬ್‌ಸ್ಟಿಟ್ಯೂಶನ್) ಎ.ಬಿ.ಯಲ್ಲೂ ಇಲ್ಲ, ಬಿ.ಸಿ.ಯಲ್ಲೂ ಇಲ್ಲ. −2ರಿಂದ 2ರವರೆಗೆ √(4 − ಎಕ್ಸ್²) ಅನುಕಲನ ಬಂದರೆ ಸೂತ್ರ ಹುಡುಕುವುದಲ್ಲ, ಅದು 2 ತ್ರಿಜ್ಯದ ಅರ್ಧವೃತ್ತ, ವಿಸ್ತೀರ್ಣ 2ಪೈ ಎಂದು ಕಾಣಬೇಕು. ಕಷ್ಟದ ಅನುಕಲನ ಬಿಡಿಸುವ ಕೈಚಳಕ ಕಲಿಸಲು ತಿಂಗಳು ಕಳೆಯಬೇಡಿ. ಆ ಹೊತ್ತನ್ನು ಗ್ರಾಫ್ ಓದಿಸಲು ಬಳಸಿ.

ಗ್ರಾಫ್ ಓದುವುದು ಅಂದೆವಲ್ಲ, ಅದೇ ಈ ಪರೀಕ್ಷೆಯ ಹೃದಯ. ಎಫ್‌ನ ಗ್ರಾಫ್ ಕೊಟ್ಟು, ಜಿ(ಎಕ್ಸ್) ಎಂದರೆ 2ರಿಂದ ಎಕ್ಸ್‌ವರೆಗೆ ಎಫ್‌ನ ಅನುಕಲನ ಎಂದು ಹೇಳಿ, ಜಿ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಉದಾಹರಣೆಗೆ, ಎಫ್ −2ರಿಂದ 2ರವರೆಗೆ ಅಕ್ಷದ ಮೇಲಿನ ಅರ್ಧವೃತ್ತ, ಅಲ್ಲಿಂದ (4, −4)ವರೆಗೆ ಇಳಿಯುವ ಗೆರೆ, ಅಲ್ಲಿಂದ (8, 0)ವರೆಗೆ ಏರುವ ಗೆರೆ ಎನ್ನಿ. ಜಿ(−2) ಎಷ್ಟು? ಅರ್ಧವೃತ್ತದ ವಿಸ್ತೀರ್ಣ 2ಪೈ ಎಂದು ಬರೆದವರು ಜಾರಿದರು. 2ರಿಂದ −2ಕ್ಕೆ, ಅಂದರೆ ಹಿಂದಕ್ಕೆ ನಡೆಯುತ್ತಿದ್ದೇವೆ, ಉತ್ತರ −2ಪೈ. ಜಿ(4) ಎಂದರೆ ಅಕ್ಷದ ಕೆಳಗಿನ ತ್ರಿಕೋನ, −4. ಜಿ(8) ಎಂದರೆ ಅದಕ್ಕೆ ಇನ್ನೊಂದು −8 ಸೇರಿ −12. ಜಿ ಎಲ್ಲಿ ಬಾಗು ಬದಲಿಸುತ್ತದೆ? ಎಫ್ ಅಕ್ಷವನ್ನು ದಾಟುವ 2ರಲ್ಲಿ ಎಂದು ಬಹಳ ಮಂದಿ ಬರೆಯುತ್ತಾರೆ. ಅಲ್ಲಿ ಜಿಗೆ ಸಿಗುವುದು ಸ್ಥಳೀಯ ಗರಿಷ್ಠ. ಬಾಗು ಬದಲಾಗುವುದು ಎಫ್ ಏರುವುದನ್ನು ಬಿಟ್ಟು ಇಳಿಯತೊಡಗುವ 0ಯಲ್ಲಿ, ಮತ್ತು ಇಳಿಯುವುದನ್ನು ಬಿಟ್ಟು ಏರತೊಡಗುವ 4ರಲ್ಲಿ. 4ರಲ್ಲಿ ಎಫ್‌ಗೆ ಮೂಲೆಯಿದೆ, ಅಲ್ಲಿ ಅದರ ಡೆರಿವೇಟಿವ್ ಇಲ್ಲ. ಆದರೂ ಜಿಗೆ ಅದು ಬಾಗಿನ ಬಿಂದುವೇ. ಇಡೀ ವ್ಯಾಪ್ತಿಯಲ್ಲಿ ಜಿಯ ಗರಿಷ್ಠ ಕೇಳಿದರೆ −2, 2, 8 ಮೂರನ್ನೂ ಪಟ್ಟಿಮಾಡಿ −2ಪೈ, 0, −12 ಎಂದು ಬೆಲೆ ಹಾಕಿ ತೋರಿಸಬೇಕು. "ಎಫ್ ಧನದಿಂದ ಋಣಕ್ಕೆ ಬದಲಾಗುತ್ತದೆ" ಎಂಬ ಕಾರಣ ಸ್ಥಳೀಯ ಗರಿಷ್ಠಕ್ಕೆ ಸಾಕು, ಇಡೀ ವ್ಯಾಪ್ತಿಯ ಗರಿಷ್ಠಕ್ಕೆ ಸಾಲದು. ತುದಿಗಳನ್ನು ಮರೆತರೆ ಅಂಕ ಹೋಯಿತು. ಇಂಥ ಗ್ರಾಫ್‌ಗಳನ್ನು ಮಕ್ಕಳೇ ಚಿತ್ರಿಸಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡರೆ ನವೆಂಬರ್‌ನಿಂದ ಜನವರಿಯೊಳಗೆ ಇದು ರಕ್ತಗತವಾಗುತ್ತದೆ.

ಕೋಷ್ಟಕದ ಪ್ರಶ್ನೆಯೂ ಹೆಚ್ಚುಕಡಿಮೆ ಪ್ರತಿವರ್ಷ ಬರುವ ಅತಿಥಿ. ಟ್ಯಾಂಕಿಗೆ ನೀರು ನಿಮಿಷಕ್ಕೆ ಆರ್(ಟಿ) ಲೀಟರ್‌ನಂತೆ ಬರುತ್ತಿದೆ. ಟಿ 0, 2, 5, 9 ಆದಾಗ ಆರ್ ಬೆಲೆ 6, 8, 11, 7. ಆರ್ ಡಿಫರೆನ್ಶಿಯಬಲ್ (ಎಲ್ಲೆಡೆ ಡೆರಿವೇಟಿವ್ ಇರುವಂಥದ್ದು) ಎಂದು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಟ್ರೆಪಿಜಾಯ್ಡ್ ಮೊತ್ತ ಕೇಳಿದರೆ ಸೂತ್ರ ಬಾಯಿಪಾಠ ಮಾಡಿದವರು ಅಂತರ ಎಲ್ಲ ಕಡೆ ಒಂದೇ ಎಂದುಕೊಂಡು ಎಡವುತ್ತಾರೆ. ಅಂತರಗಳು 2, 3, 4. ಒಂದೊಂದನ್ನೇ ಮಾಡಬೇಕು: 14 + 28.5 + 36 = 78.5 ಲೀಟರ್. ಆರ್‌ನ ಡೆರಿವೇಟಿವ್ 3.5ರಲ್ಲಿ ಅಂದಾಜಿಸಿ ಎಂದರೆ (11 − 8)/(5 − 2) = 1. ಈ ಭಾಗಾಕಾರವನ್ನು ಬರೆದು ತೋರಿಸಲೇಬೇಕು, ಬರೀ 1 ಎಂದರೆ ಅಂಕವಿಲ್ಲ. ಏಕಮಾನ ಲೀಟರ್ ಪ್ರತಿ ನಿಮಿಷ ಪ್ರತಿ ನಿಮಿಷ. ಇಲ್ಲಿ ಒಂದು "ಪ್ರತಿ ನಿಮಿಷ" ಬಿಟ್ಟುಹೋಗುವುದು ತೀರಾ ಸಾಮಾನ್ಯ.

ಇದರ ಮುಂದಿನ ಪ್ರಶ್ನೆಯಲ್ಲೇ ಬರವಣಿಗೆಯ ಪರೀಕ್ಷೆ. ಆರ್‌ನ ಡೆರಿವೇಟಿವ್ ಸೊನ್ನೆಯಾಗುವ ಒಂದು ಕ್ಷಣ 0 ಮತ್ತು 9ರ ನಡುವೆ ಇದ್ದೇ ಇರುತ್ತದೆಯೇ, ಕಾರಣ ಕೊಡಿ. "ಏರಿ ಇಳಿದಿದೆ, ಆದ್ದರಿಂದ ಹೌದು" ಎಂಬ ಉತ್ತರ ನಿಜ, ಆದರೆ ಅದಕ್ಕೆ ಅಂಕ ಬರುವುದಿಲ್ಲ. ಬೇಕಾದದ್ದು ಹೀಗೆ: ಆರ್ ಡಿಫರೆನ್ಶಿಯಬಲ್, ಆದ್ದರಿಂದ ನಿರಂತರ. ಆರ್(5) = 11, ಆರ್(9) = 7; 8 ಇವೆರಡರ ನಡುವೆ ಇರುವುದರಿಂದ ಇಂಟರ್ಮೀಡಿಯಟ್ ವ್ಯಾಲ್ಯೂ ಥಿಯರಮ್ ಪ್ರಕಾರ 5 ಮತ್ತು 9ರ ನಡುವೆ ಆರ್ 8 ಆಗುವ ಒಂದು ಸಿ ಇದೆ. ಆರ್(2) ಕೂಡ 8. ಹಾಗಾಗಿ ಮೀನ್ ವ್ಯಾಲ್ಯೂ ಥಿಯರಮ್ ಪ್ರಕಾರ 2 ಮತ್ತು ಸಿ ನಡುವೆ ಎಲ್ಲೋ ಡೆರಿವೇಟಿವ್ ಸೊನ್ನೆ. ಇದರಲ್ಲಿ "ಡಿಫರೆನ್ಶಿಯಬಲ್, ಆದ್ದರಿಂದ ನಿರಂತರ" ಎಂಬ ಪುಟ್ಟ ವಾಕ್ಯವನ್ನೇ ಮಕ್ಕಳು ಬಿಡುವುದು. ಥಿಯರಮ್‌ನ ಹೆಸರು ಹೇಳುವುದಕ್ಕಿಂತ ಅದರ ಷರತ್ತು ಇಲ್ಲಿ ಪೂರೈಕೆಯಾಗಿದೆ ಎಂದು ತೋರಿಸುವುದು ಮುಖ್ಯ.

ಕಾರಣ ಬರೆಯುವಾಗ ಇಂಗ್ಲಿಷಿನ "ಇಟ್" ಪದವನ್ನು ನಾವು ನಿಷೇಧಿಸುತ್ತೇವೆ. ಎಫ್, ಎಫ್ ಪ್ರೈಮ್ (ಎಫ್‌ನ ಡೆರಿವೇಟಿವ್), ಜಿ ಮೂರೂ ಇರುವ ಪ್ರಶ್ನೆಯಲ್ಲಿ "ಅದು ಧನ" ಎಂದರೆ ಯಾವುದು ಧನ? ಉತ್ತರ ಓದಿ ಅಂಕ ಹಾಕುವವರು ಊಹಿಸಿ ಅಂಕ ಕೊಡುವುದಿಲ್ಲ. ಧನ, ಋಣ ಚಿಹ್ನೆಗಳ ಪಟ್ಟಿ ಬರೆದು ಬಿಟ್ಟರೂ ಸಾಲದು, ಅದನ್ನು ವಾಕ್ಯವಾಗಿ ಹೇಳಬೇಕು. ಲೋಪಿಟಾಲ್ ನಿಯಮ ಬಳಸುವಾಗ ಸಮ ಚಿಹ್ನೆ ಹಾಕಿ 0/0 ಎಂದು ಬರೆಯುವ ಅಭ್ಯಾಸವನ್ನೂ ಬಿಡಿಸಬೇಕು. ಅಂಶದ ಲಿಮಿಟ್ ಸೊನ್ನೆ, ಛೇದದ ಲಿಮಿಟ್ ಸೊನ್ನೆ ಎಂದು ಬೇರೆ ಬೇರೆಯಾಗಿ ಬರೆದು ಮುಂದುವರಿಯಬೇಕು. ಇದರ ಜೊತೆಗೆ ಒಂದು ಉಪಕಾರವೂ ಇದೆ: ಸಂಖ್ಯೆಯ ಉತ್ತರವನ್ನು ಸರಳಗೊಳಿಸಬೇಕಿಲ್ಲ. ಮೇಲಿನ ಕೋಷ್ಟಕದಲ್ಲಿ ಎಡ ತುದಿಯ ಬೆಲೆಗಳಿಂದ ಮೊತ್ತ ಅಂದಾಜಿಸಲು ಹೇಳಿದರೆ 2(6) + 3(8) + 4(11) ಎಂದು ಬಿಟ್ಟರೂ ಪೂರ್ತಿ ಅಂಕ. ಸರಳಗೊಳಿಸಲು ಹೋಗಿ ತಪ್ಪಿದರೆ ಬಂದ ಅಂಕವೂ ಹೋಗುತ್ತದೆ. ಎಲ್ಲವನ್ನೂ ಕೊನೆಯವರೆಗೆ ಒಪ್ಪವಾಗಿ ಬಿಡಿಸಬೇಕೆಂದು ಕಲಿತ ಮಕ್ಕಳಿಗೆ ಕೈ ತಡೆಯುವುದನ್ನು ಅಭ್ಯಾಸ ಮಾಡಿಸಬೇಕಾಗುತ್ತದೆ.

ಡಿಫರೆನ್ಶಿಯಲ್ ಸಮೀಕರಣದಲ್ಲಿ ಕ್ರಮವೇ ಅಂಕ. ಡಿವೈ/ಡಿಎಕ್ಸ್ = ಎಕ್ಸ್/ವೈ, ಎಕ್ಸ್ 0 ಆದಾಗ ವೈ −3. ಮೊದಲು ವೈಗಳನ್ನು ಒಂದು ಕಡೆ, ಎಕ್ಸ್‌ಗಳನ್ನು ಇನ್ನೊಂದು ಕಡೆ ಬೇರ್ಪಡಿಸಬೇಕು. ಬೇರ್ಪಡಿಸದವರಿಗೆ ಮುಂದಿನದ್ಯಾವುದಕ್ಕೂ ಅಂಕ ಸಿಗದು. ಅನುಕಲಿಸಿದ ಸಾಲಿನಲ್ಲೇ ಸಿ ಬರಬೇಕು. ಕೊನೆಯಲ್ಲಿ ನೆನಪಾಗಿ ಅಂಟಿಸಿದ ಸಿ ಲೆಕ್ಕಕ್ಕಿಲ್ಲ. ಆಮೇಲೆ ವೈ² = ಎಕ್ಸ್² + 9. ಇಲ್ಲಿ ಧನ ಮೂಲವನ್ನೇ ಹಿಡಿಯುವುದು ರೂಢಿ. ಆದರೆ ಆರಂಭದ ಬೆಲೆ −3, ಆದ್ದರಿಂದ ವೈ = −√(ಎಕ್ಸ್² + 9).

ಕ್ಯಾಲ್ಕುಲೇಟರ್‌ನಿಂದ ನಾಲ್ಕು ಕೆಲಸ ಮಾತ್ರ ನಿರೀಕ್ಷೆ: ಗ್ರಾಫ್ ಬಿಡಿಸುವುದು, ಫಂಕ್ಷನ್ ಸೊನ್ನೆಯಾಗುವ ಜಾಗ ಹುಡುಕುವುದು, ಒಂದು ಬಿಂದುವಿನಲ್ಲಿ ಡೆರಿವೇಟಿವ್ ಬೆಲೆ, ನಿಶ್ಚಿತ ಅನುಕಲನದ ಬೆಲೆ. ಈ ನಾಲ್ಕೂ ಕಣ್ಣು ಮುಚ್ಚಿ ಬರಬೇಕು. 2025ರಿಂದ ಪರೀಕ್ಷೆ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ನಡೆಯುತ್ತಿದ್ದು ಅದರೊಳಗೆ ಡೆಸ್ಮೋಸ್ ಎಂಬ ಗ್ರಾಫ್ ಕ್ಯಾಲ್ಕುಲೇಟರ್ ಇದೆ. ಶಾಲೆಯಲ್ಲಿ ಟಿಐ-84 ಕ್ಯಾಲ್ಕುಲೇಟರ್ ಬಳಸಿದವರು ಅದನ್ನೂ ಒಯ್ಯಬಹುದು. ಯಾವುದಾದರೂ ಒಂದನ್ನು ಜನವರಿಯೊಳಗೆ ನಿಶ್ಚಯಿಸಿ ಅದರಲ್ಲೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ರೇಡಿಯನ್‌ಗೆ ಇಟ್ಟಿದೆಯೇ ಎಂದು ಪ್ರತಿಸಲವೂ ನೋಡಬೇಕು. ಉತ್ತರ ದಶಮಾಂಶದ ಮೂರು ಸ್ಥಾನದವರೆಗೆ ಸರಿಯಿರಬೇಕು. ನಡುವೆ ಸಿಕ್ಕ ಸಂಖ್ಯೆಯನ್ನು 1.2 ಎಂದು ದುಂಡಾಗಿಸಿ ಮುಂದಿನ ಲೆಕ್ಕಕ್ಕೆ ಹಾಕಿದರೆ ಕೊನೆಯ ಮೂರನೇ ಸ್ಥಾನ ಕೆಡುತ್ತದೆ. ಅದನ್ನು ಯಂತ್ರದ ನೆನಪಿನಲ್ಲೇ ಉಳಿಸಬೇಕು. ಹಾಳೆಯ ಮೇಲೆ ಮೊದಲು ಅನುಕಲನವನ್ನು ಗಣಿತದ ಚಿಹ್ನೆಯಲ್ಲಿ ಬರೆದು, ಆಮೇಲೆ ಸಂಖ್ಯೆ ಬರೆಯಬೇಕು. ಗುಂಡಿ ಒತ್ತಿದ ಭಾಷೆ ಉತ್ತರವಲ್ಲ.

ಬಿ.ಸಿ.ಯವರಿಗೆ ಶ್ರೇಣಿಗಳ ಘಟಕ ಕೊನೆಗೆ ಬರುತ್ತದೆ, ಅವಸರದಲ್ಲಿ ಮುಗಿಯುತ್ತದೆ, ಪರೀಕ್ಷೆಯಲ್ಲಿ ಮಾತ್ರ ಸುಮಾರು ಆರರಲ್ಲಿ ಒಂದು ಪಾಲು ತೂಗುತ್ತದೆ. ಹಾಗಾಗಿ ಶಾಲೆ ಅಲ್ಲಿಗೆ ಬರುವ ಮೊದಲೇ, ಫೆಬ್ರವರಿಯಲ್ಲಿ, ಮನೆಯಲ್ಲಿ ಶುರುಮಾಡುವುದು ಜಾಣತನ. (ಎಕ್ಸ್ − 2)ರ ಎನ್‌ನೇ ಘಾತವನ್ನು ಎನ್ ಗುಣಿಸು 3ರ ಎನ್‌ನೇ ಘಾತದಿಂದ ಭಾಗಿಸಿದ ಪದಗಳ ಮೊತ್ತವನ್ನು ತೆಗೆದುಕೊಳ್ಳಿ, ಎನ್ 1ರಿಂದ ಮೇಲಕ್ಕೆ. ರೇಶಿಯೊ ಪರೀಕ್ಷೆ −1 ಮತ್ತು 5ರ ನಡುವೆ ಎಂದು ಹೇಳುತ್ತದೆ. ಅಲ್ಲಿಗೆ ನಿಲ್ಲಿಸುವಂತಿಲ್ಲ. 5 ಹಾಕಿದರೆ ಹಾರ್ಮೋನಿಕ್ ಶ್ರೇಣಿ, ಒಮ್ಮುಖವಾಗುವುದಿಲ್ಲ. −1 ಹಾಕಿದರೆ ಚಿಹ್ನೆ ಬದಲಿಸುವ ಹಾರ್ಮೋನಿಕ್, ಒಮ್ಮುಖವಾಗುತ್ತದೆ. ಆದ್ದರಿಂದ −1 ಒಳಗೆ, 5 ಹೊರಗೆ. ಎರಡು ತುದಿಗೂ ಯಾವ ಪರೀಕ್ಷೆ ಬಳಸಿದೆ ಎಂದು ಹೆಸರು ಬರೆಯಬೇಕು.

ಹೆಸರು ನೋಂದಣಿ ನವೆಂಬರ್‌ನಲ್ಲೇ ಮುಗಿಯುತ್ತದೆ ಎಂಬುದು ಹೊಸದಾಗಿ ಬಂದ ಮನೆಗಳಿಗೆ ತಿಳಿದಿರುವುದಿಲ್ಲ. ಮೇ ಪರೀಕ್ಷೆಗೆ ಮಾರ್ಚ್‌ನಲ್ಲಿ ವಿಚಾರಿಸಿದರೆ ತಡ. ಪಾಠ ಮಾರ್ಚ್ ಕೊನೆಗೆ ಮುಗಿಯಬೇಕು. ಏಪ್ರಿಲ್ ಪೂರ್ತಿ ಹಳೆಯ ಪ್ರಶ್ನೆಗಳಿಗೆ. ಹಿಂದಿನ ವರ್ಷಗಳ ಬರೆಯುವ ಪ್ರಶ್ನೆಗಳನ್ನೂ ಅಂಕ ಹಂಚಿದ ರೀತಿಯನ್ನೂ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ನಾವು ಮಾಡಿಸುವ ಕ್ರಮ: ದಿನಕ್ಕೆ ಒಂದು ಪ್ರಶ್ನೆ, ಗಡಿಯಾರ ಇಟ್ಟು 15 ನಿಮಿಷ. ಸಮಯ ಮುಗಿದ ತಕ್ಷಣ ಪೆನ್ನಿನ ಬಣ್ಣ ಬದಲಿಸಿ ಮಗುವೇ ತನ್ನ ಉತ್ತರಕ್ಕೆ ಅಂಕ ಹಾಕಿಕೊಳ್ಳಬೇಕು, ಒಂದು ಅಂಕವನ್ನೂ ದಾನ ಮಾಡದೆ. ಕಳೆದುಕೊಂಡ ಪ್ರತಿ ಅಂಕವನ್ನು ಒಂದು ಪುಸ್ತಕದಲ್ಲಿ ಮೂರು ಕಾಲಮ್‌ನಲ್ಲಿ ಬರೆಯಬೇಕು: ಬೀಜಗಣಿತ, ಕ್ಯಾಲ್ಕುಲಸ್, ಬರವಣಿಗೆ. ಹತ್ತು ದಿನದಲ್ಲಿ ಯಾವ ಕಾಲಮ್ ಉದ್ದ ಬೆಳೆಯಿತು ಎಂಬುದು ಕಣ್ಣಿಗೆ ಕಾಣುತ್ತದೆ, ಮುಂದಿನ ಹತ್ತು ದಿನದ ಕೆಲಸ ತಾನಾಗಿಯೇ ನಿರ್ಧಾರವಾಗುತ್ತದೆ. ಹೆಚ್ಚಿನವರಿಗೆ ಉದ್ದವಾಗುವುದು ಮೊದಲನೆಯದು ಮತ್ತು ಮೂರನೆಯದು. ಪೂರ್ತಿ ಪರೀಕ್ಷೆಯನ್ನು ಎರಡು ಸಲ, ಬೆಳಗ್ಗೆ 8ಕ್ಕೆ ಕೂರಿಸಿ ಮಾಡಿಸಿದರೆ ಸಾಕು.

ಆ ದಿನ ಬಹು ಆಯ್ಕೆಯ ಉತ್ತರಗಳು ಪರದೆಯ ಮೇಲೆ, ಬರೆಯುವ ಪ್ರಶ್ನೆಗಳನ್ನು ಪರದೆಯಲ್ಲಿ ಓದಿ ಕಾಗದದ ಪುಸ್ತಿಕೆಯಲ್ಲಿ ಕೈಯಿಂದ ಬರೆಯುವುದು. ಪರದೆಯಲ್ಲಿರುವ ಕೋಷ್ಟಕ, ಗ್ರಾಫ್‌ಗಳ ಮೇಲೆ ಪೆನ್ಸಿಲ್ ಆಡಿಸಲು ಆಗುವುದಿಲ್ಲ, ಆದ್ದರಿಂದ ಅಭ್ಯಾಸದಲ್ಲೂ ಪ್ರಶ್ನೆಯನ್ನು ಪರದೆಯ ಮೇಲಿಟ್ಟು ಗ್ರಾಫನ್ನು ಹಾಳೆಗೆ ಚಿಕ್ಕದಾಗಿ ಇಳಿಸಿಕೊಳ್ಳುವುದನ್ನು ರೂಢಿಸಬೇಕು. ಒಂದು ಪ್ರಶ್ನೆಯ ಮೊದಲ ಭಾಗ ಬರಲಿಲ್ಲವೆಂದು ಮೂರನೇ ಭಾಗವನ್ನು ಬಿಡಬಾರದು. ಮೊದಲ ಭಾಗಕ್ಕೆ ಒಂದು ಉತ್ತರವನ್ನು ಇಟ್ಟುಕೊಂಡು ಅದನ್ನೇ ಮುಂದಕ್ಕೆ ಒಯ್ದು ಸರಿಯಾಗಿ ಬಿಡಿಸಿದರೆ, ಆ ಮುಂದಿನ ಭಾಗದ ಅಂಕಗಳು ಎಷ್ಟೋ ಸಲ ಸಿಗುತ್ತವೆ. ತಪ್ಪೆಂದು ತಿಳಿದ ಕೆಲಸವನ್ನು ಅಳಿಸುತ್ತ ಕೂರದೆ ಒಂದು ಗೆರೆ ಎಳೆದರೆ ಸಾಕು, ಗೆರೆ ಎಳೆದದ್ದನ್ನು ಓದುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬದಲಿಗೆ ಬೇರೆ ಉತ್ತರ ಬರೆಯುವ ಮೊದಲೇ ಗೆರೆ ಎಳೆಯಬೇಡಿ.